ಹೆಗಲು ಬದಲಿಸುವ ಜಾಗ

ಏನು ಕೆಲಸ ಮಾಡುತ್ತೀರಿ ಎಂದು ಕೇಳಿದವರಿಗೆ ನಾನು ಮ್ಯಾಪ್ ಕೆಲಸ ಎಂದು ಹೇಳಿ ಸುಮ್ಮನಾಗುತ್ತೇನೆ. ನಿಜ ಹೇಳಲು ಹೊರಟರೆ ಅರ್ಧ ದಿನ ವಿವರಿಸಬೇಕು. ವಿವರಿಸಿದ ಮೇಲೂ ಕೇಳಿದವರು ನನ್ನನ್ನು ಮೇಲಿಂದ ಕೆಳಗೆ ಒಂದು ತರ ನೋಡಿ ಎದ್ದು ಹೋಗುತ್ತಾರೆ. ರಾಬರ್ಟ್‌ಸನ್‌ಪೇಟೆಯ ಮಹಡಿ ಮನೆಯೊಂದರಲ್ಲಿ, ಬಟ್ಟೆ ಒಣಹಾಕುವ ಹಗ್ಗದ ಪಕ್ಕದ ಕಿಟಕಿಗೆ ಮೇಜು ಎಳೆದುಕೊಂಡು, ನಾನು ಅಮೆರಿಕದ ಬೇಟೆಗಾರರಿಗೆ ಬೇಟೆಯ ಜಾಗ ಹುಡುಕಿಕೊಡುತ್ತೇನೆ. ಅವರ ಬೆಟ್ಟಗಳನ್ನು ನಾನು ಕಂಡಿಲ್ಲ. ಅವರ ಪ್ರಾಣಿಗಳನ್ನು ಕಂಡಿಲ್ಲ. ಅವರನ್ನೂ ಕಂಡಿಲ್ಲ.

ಇದಕ್ಕೆ ಬಂದದ್ದು ಹೀಗೆ. ಕೆಜಿಎಫ್‌ನ ಕಾರ್ಖಾನೆಯೊಂದರ ಡ್ರಾಯಿಂಗ್ ವಿಭಾಗದಲ್ಲಿ ನಾನು ಬಹಳ ವರ್ಷ ಗೆರೆ ಎಳೆದವಳು. ನನ್ನ ಗಂಡ ಅದೇ ಕಾರ್ಖಾನೆಗೆ ಗದಗದ ಕಡೆಯಿಂದ ಕೆಲಸಕ್ಕೆ ಬಂದವರು. ಅವರು ತೀರಿಕೊಂಡ ಮೇಲೆ ಅದೇ ಗೇಟಿನಲ್ಲಿ ಒಬ್ಬಳೇ ಒಳಗೆ ಹೋಗುವುದು, ಒಬ್ಬಳೇ ಹೊರಗೆ ಬರುವುದು ನನ್ನಿಂದ ಆಗಲಿಲ್ಲ. ಸ್ವಯಂ ನಿವೃತ್ತಿ ಬರೆದುಕೊಟ್ಟೆ. ಮಕ್ಕಳಿಲ್ಲ. ಬಂಗಾರಪೇಟೆ ಹತ್ತಿರದ ಹಳ್ಳಿಯಲ್ಲಿ ತಮ್ಮನಿದ್ದಾನೆ. ಹಸು ಕಟ್ಟಿಕೊಂಡು ಡೈರಿಗೆ ಹಾಲು ಹಾಕುತ್ತಾನೆ. ಬಂದು ನಮ್ಮ ಜೊತೆ ಇರು ಎಂದು ಅವನು ಕರೆದದ್ದುಂಟು, ನಾನು ಹೋಗಲಿಲ್ಲ. ನನ್ನ ಬಾಯಿ ಒಂದು ಮನೆಗೆ ಸಾಕು, ಎರಡು ಮನೆ ಹಾಳು ಮಾಡುವುದು ಬೇಡ ಎಂದುಕೊಂಡೆ. ಹಾಗೆ ಸುಮ್ಮನೆ ಕೂತಿದ್ದಾಗ ಬೆಂಗಳೂರಿನ ಒಂದು ಸಣ್ಣ ಕಂಪನಿಯ ಕೆಲಸ ಸಿಕ್ಕಿತು. ಬೇಟೆಗೆ ಹೋಗುವವರು ಇಂಟರ್ನೆಟ್ಟಿನಲ್ಲಿ ತಮಗೆ ಬೇಕಾದ ಪ್ರಾಣಿ, ಪ್ರದೇಶ, ತಿಂಗಳು ತಿಳಿಸುತ್ತಾರೆ. ನಾವು ಉಪಗ್ರಹದ ಚಿತ್ರ, ಎತ್ತರದ ನಕ್ಷೆ, ಗಾಳಿ, ನೀರು ಎಲ್ಲ ನೋಡಿ ಎಲ್ಲಿ ಇಳಿಯಬೇಕು, ಎಲ್ಲಿ ಡೇರೆ ಹಾಕಬೇಕು, ಎಲ್ಲಿ ಕಾಯಬೇಕು ಎಂದು ಗುರುತು ಮಾಡಿ ಕಳುಹಿಸುತ್ತೇವೆ. ಹೆಸರುಗಳು ಎರಡು ಕಡೆಗೂ ಕಾಣುವುದಿಲ್ಲ. ನಾನು ಅವರಿಗೆ ಕಂಪನಿ, ಅವರು ನನಗೆ ಒಂದು ನಂಬರು.

ಮೊದಮೊದಲು ನನಗೆ ನಗು ಬರುತ್ತಿತ್ತು. ಊರಿಗೊಂದು ದಾರಿಯಾದರೆ ಪೋರನಿಗೊಂದು ದಾರಿ ಎನ್ನುತ್ತಾರಲ್ಲ, ಹಾಗೆ, ಈ ವಯಸ್ಸಿನಲ್ಲಿ ನಾನು ಬೇಟೆಗೆ ಹೊರಟೆ. ಆಮೇಲೆ ಅಭ್ಯಾಸವಾಯಿತು. ಬೆಳಿಗ್ಗೆ ಕಾಫಿ ಲೋಟ ಹಿಡಿದು ಕೂತರೆ ಅಲ್ಲಿ ಹಿಂದಿನ ದಿನದ ಸಂಜೆ. ಕಿಟಕಿಯ ಆಚೆ, ಹಳೆಯ ಚಿನ್ನದ ಗಣಿಯ ಪುಡಿಮಣ್ಣು ಸುರಿದು ಬೆಳೆದ ಸೈನೈಡ್ ದಿಬ್ಬದ ಬೂದು ಬೆನ್ನು ಕಾಣುತ್ತದೆ. ನಕ್ಷೆಯಲ್ಲಿ ಒಂದು ಏರು ಬಂದಾಗ ತಲೆ ಎತ್ತಿ, ಇದು ನಮ್ಮ ದಿಬ್ಬದಂಥದ್ದು ಎರಡು, ಅದು ಐದು ಎಂದು ಮನಸ್ಸಿನಲ್ಲೇ ಅಳೆದುಕೊಳ್ಳುತ್ತಿದ್ದೆ. ಕೆಲಸ ಮುಗಿದರೆ ಮಾತಿಗೆ ಯಾರೂ ಇಲ್ಲ. ಕೆಳಗಿನ ಮನೆಯ ಓನರಮ್ಮ ಮೆಟ್ಟಿಲ ಬುಡದಿಂದ, "ಏನಮ್ಮಾ, ಸಾಪಾಡು ಆಚ್ಚಾ?" ಎಂದು ತಮಿಳು ಬೆರೆಸಿ ಊಟ ವಿಚಾರಿಸುತ್ತಾರೆ. "ಆಯ್ತಮ್ಮಾ" ಎನ್ನುತ್ತೇನೆ. ಕೆಲವು ದಿನ ನನ್ನ ಬಾಯಿಂದ ಬಂದ ಒಟ್ಟು ಮಾತು ಅಷ್ಟೇ.

ಯುಗಾದಿ ಕಳೆದ ವಾರ ಅಲಾಸ್ಕಾದಿಂದ ಒಂದು ಕೆಲಸ ಬಂತು. ಮೂಸ್ ಬೇಟೆ. ಮೂಸ್ ಎಂದರೆ ಜಿಂಕೆಯ ಜಾತಿಯಲ್ಲೇ ಎಲ್ಲಕ್ಕಿಂತ ದೊಡ್ಡದು. ನಮ್ಮ ಕಡವೆ ಅದರ ಮುಂದೆ ಕರು. ಎಮ್ಮೆಯ ಮೈ, ಕುದುರೆಯ ಕಾಲು, ತಲೆಯ ಮೇಲೆ ಮೊರ ಮೊರದಷ್ಟು ಅಗಲದ ಕೊಂಬು. ನೀರು ನಿಂತ ಜೌಗಿನಲ್ಲಿ, ಮೊಳಕಾಲುದ್ದದ ಪೊದೆಗಳ ಚಿಗುರು ಮೇಯುತ್ತ ಇರುತ್ತದೆ. ಸೆಪ್ಟೆಂಬರ್ ಬೇಟೆಯ ತಿಂಗಳು. ಕೆಲಸ ಕೊಟ್ಟಾತ ತಾನು ಕೇಳಿದ ಬೆಟ್ಟಸಾಲಿಗೆ ಎಂದೂ ಹೋದವನಲ್ಲವಂತೆ. ಬೇರೊಂದು ಕಣಿವೆಯಲ್ಲಿ ಮೂವತ್ತು ವರ್ಷ ಬೇಟೆಯಾಡಿದ್ದಾನೆ, ಈ ಸಲ ಹೊಸ ಜಾಗ ಬೇಕು ಎಂದಷ್ಟೇ ಬರೆದಿದ್ದ. ಆತನ ಇಂಗ್ಲಿಷ್ ಬಹಳ ಮೊಟಕು. ಒಂದು ಸಾಲು ಬರೆದರೆ ಅದೇ ಹೆಚ್ಚು.

ನಾನು ಆ ಬೆಟ್ಟಗಳಲ್ಲಿ ಮೂರು ವಾರ ಓಡಾಡಿದೆ. ಕಣ್ಣಲ್ಲೇ ಓಡಾಡಿದ್ದು, ಆದರೂ ಸುಸ್ತಾಗುತ್ತಿತ್ತು. ರಸ್ತೆ ಇಲ್ಲ, ಊರಿಲ್ಲ, ಒಂದು ದೀಪದ ಕಂಬವಿಲ್ಲ. ನೀರಿನ ಮೇಲೆ ಇಳಿಯುವ ಸಣ್ಣ ವಿಮಾನವೊಂದು ಮನುಷ್ಯನನ್ನು ಯಾವುದಾದರೂ ಕೆರೆಯಲ್ಲಿ ಬಿಟ್ಟು ಹೋಗುತ್ತದೆ, ಹೇಳಿದ ದಿನ ಬಂದು ಕರೆದುಕೊಂಡು ಹೋಗುತ್ತದೆ. ನಡುವೆ ಏನಾದರೂ ಅವನ ಪಾಡು ಅವನಿಗೆ. ಕೊನೆಗೊಂದು ಉದ್ದನೆಯ ಕೆರೆ ಸಿಕ್ಕಿತು, ವಿಮಾನ ಇಳಿಯುವಷ್ಟು ನೀರಿದೆ. ಅದರ ಬಡಗಣ ದಂಡೆಗೆ ಒಂದು ಏರು. ಏರು ದಾಟಿದರೆ ಕಣಿವೆ ತುಂಬ ಜೌಗು. ಮೂಸ್ ಬೇಕೆಂದರೆ ಅದಕ್ಕಿಂತ ಒಳ್ಳೆಯ ಜಾಗ ಆ ಸಾಲಿನಲ್ಲೇ ಇಲ್ಲ ಎನಿಸಿತು. ಗಾಳಿ ಮೂಡಲಿಂದ ಬೀಸಿದರೆ ಎಲ್ಲಿ ಕೂರಬೇಕು, ಪಡುವಲಿಂದ ಬೀಸಿದರೆ ಎಲ್ಲಿ ಎಂದೆಲ್ಲ ಗುರುತು ಮಾಡಿದೆ. ಏರಿನ ನೆತ್ತಿಯಲ್ಲಿ ಒಂದು ಸಮತಟ್ಟಾದ ಜಾಗವಿತ್ತು. ಅಲ್ಲೊಂದು ಚುಕ್ಕೆ ಇಟ್ಟು, ಮಾಂಸ ಹೊತ್ತು ತರುವಾಗ ಇಲ್ಲಿ ಹೆಗಲು ಬದಲಿಸಬಹುದು ಎಂದು ಬರೆದೆ. ನನ್ನ ಪ್ಲಾನಿನ ಬಗ್ಗೆ ನನಗೇ ಹೆಮ್ಮೆಯಾಗಿತ್ತು.

ಎರಡು ದಿನ ಬಿಟ್ಟು ಉತ್ತರ ಬಂತು. "ಜಾಗ ಚೆನ್ನಾಗಿದೆ. ಆದರೆ ಯಾರ ಹೆಗಲಿಗೆ ಬದಲಿಸಬೇಕು? ನಾನು ಒಬ್ಬನೇ."

ಕಾಫಿ ಆರಿ ಹೋಗುವ ತನಕ ಅದನ್ನೇ ನೋಡುತ್ತ ಕೂತೆ. ಎಷ್ಟು ಜನ ಬರುತ್ತೀರಿ ಎಂದು ನಾನು ಕೇಳಿಯೇ ಇರಲಿಲ್ಲ. ಕೇಳಬೇಕೆಂದು ಹೊಳೆಯಲೂ ಇಲ್ಲ. ನನ್ನ ಊರಿನಲ್ಲಿ ಬೇಟೆ ಎಂದರೆ ಊರು ಎಂದೇ ಅರ್ಥ. ಯುಗಾದಿಯ ಮಾರನೆಯ ದಿನ ಹೊಸತೊಡಕು, ಅಂದು ಬಾಡೂಟ. ನಮ್ಮಪ್ಪನ ಕಾಲದಲ್ಲಿ ಅದಕ್ಕೆ ಮೊದಲು ಗಂಡಸರೆಲ್ಲ ಬಲೆ, ನಾಯಿ ಕಟ್ಟಿಕೊಂಡು ಗುಡ್ಡಕ್ಕೆ ಹೋಗುತ್ತಿದ್ದರು. ಈಗ ಕಾನೂನು ಇದೆ, ಗುಡ್ಡದಲ್ಲಿ ಪ್ರಾಣಿಯೂ ಇಲ್ಲ, ಎಲ್ಲ ಸೇರಿ ಕುರಿ ತಂದು ಕೊಯ್ಯುತ್ತಾರೆ. ಪಾಲು ಹಾಕುವುದು ಮಾತ್ರ ಹಳೆಯದೇ ಕ್ರಮ. ಮುತ್ತುಗದ ಎಲೆ ಹಾಸಿ ಗುಡ್ಡೆ ಗುಡ್ಡೆ ಹಾಕುತ್ತಾರೆ. ಬಲೆ ಹಿಡಿದವನಿಗೆ ಗುಡ್ಡೆ, ಕೂಗು ಹಾಕಿದವನಿಗೆ ಗುಡ್ಡೆ, ನಾಯಿ ಕಳಿಸಿದ ಮನೆಗೆ ಗುಡ್ಡೆ, ಗಂಡಸಿಲ್ಲದ ಮನೆಗೂ ಒಂದು ಗುಡ್ಡೆ. ಎಷ್ಟು ಗುಡ್ಡೆ ಎಂದು ಮೊದಲು ಗೊತ್ತು ಮಾಡಿಕೊಂಡು ಆಮೇಲೆ ಬೇಟೆಗೆ ಹೊರಡುತ್ತಿದ್ದರು. ಹತ್ತು ಜನರ ಹುಲ್ಲುಕಡ್ಡಿ ಒಬ್ಬನ ತಲೆಹೊರೆ. ಪ್ರಾಣಿ ಬಿದ್ದ ಮೇಲೆ ಹೊರುವುದು ಹೇಗೆ ಎಂಬುದು ಯಾರ ತಲೆಯಲ್ಲೂ ಇರಲಿಲ್ಲ, ಏಕೆಂದರೆ ಹೊರುವವರು ಯಾವಾಗಲೂ ಇದ್ದರು. ಹೆಂಗಸರು ನಾವು ಮಸಾಲೆ ರುಬ್ಬಿಕೊಂಡು ಕಾಯುತ್ತಿದ್ದೆವು. ನನಗೆ ಗೊತ್ತಿದ್ದ ಬೇಟೆ ಅದು, ನಾನು ಪ್ಲಾನು ಮಾಡಿದ್ದೂ ಅದನ್ನೇ.

ಒಬ್ಬನೇ ಎಂದರೆ ಏನೆಂದು ಆಮೇಲೆ ಓದಿ ತಿಳಿದುಕೊಂಡೆ. ಒಂದು ಗಂಡು ಮೂಸ್ ಬಿದ್ದರೆ ಎರಡು ಕ್ವಿಂಟಲಿಗೂ ಮೀರಿ ಮಾಂಸ. ಅಲ್ಲಿಯ ಕಾನೂನಿನಂತೆ ತಿನ್ನುವ ಮಾಂಸವನ್ನು ಬಿಟ್ಟು ಬರುವ ಹಾಗಿಲ್ಲ. ಮಾಂಸ ಪೂರ್ತಿ ಹೊತ್ತ ಮೇಲೆಯೇ ಕೊಂಬು ಮುಟ್ಟಬೇಕು. ಆ ಕಾನೂನು ಬರೆದವರ ಮೇಲೆ ನನಗೆ ಗೌರವ ಹುಟ್ಟಿತು. ಆದರೆ ಒಬ್ಬನೇ ಅಷ್ಟನ್ನೂ ಕತ್ತರಿಸಿ, ಬೆನ್ನಿಗೆ ಕಟ್ಟಿಕೊಂಡು, ಜೌಗು ದಾಟಿ, ಏರು ಹತ್ತಿ ಇಳಿದು, ಮತ್ತೆ ಹೋಗಿ, ಮತ್ತೆ ಬಂದು, ದಿನಗಟ್ಟಲೆ ಹೊರಬೇಕು. ಅಷ್ಟರಲ್ಲಿ ರಕ್ತದ ವಾಸನೆಗೆ ಕರಡಿ ಬರುತ್ತದೆ. ಕಾಲು ಜಾರಿದರೆ ಎತ್ತುವವರಿಲ್ಲ. ಗಟ್ಟಿಮುಟ್ಟಾದ ಹುಡುಗರೇ ಹಾಗೆ ಹೋಗಿ ಹೆಣವಾಗಿ ಬಂದದ್ದುಂಟು ಎಂದು ಓದಿದೆ. ಈತನಿಗೆ ಮೂವತ್ತು ವರ್ಷದ ಬೇಟೆಯ ಅನುಭವ, ಅಂದರೆ ವಯಸ್ಸೂ ಆಗಿದೆ. ನಾನು ಅಷ್ಟು ಹೆಮ್ಮೆಯಿಂದ ತೋರಿಸಿದ ಜೌಗಿಗೆ ಆತ ಒಬ್ಬನೇ ಹೋದರೆ ವಾಪಸು ಬರುವುದು ಅನುಮಾನ.

ಜೊತೆಗೆ ಯಾರಾದರೂ ಬರಬಹುದಲ್ಲ ಎಂದು ಬರೆದೆ. ಕಂಪನಿಯ ಪರವಾಗಿ, ಮರ್ಯಾದೆಯ ಇಂಗ್ಲಿಷಿನಲ್ಲಿ.

"ನನ್ನ ಹೆಂಡತಿ ಬರುತ್ತಿದ್ದಳು. ನನಗಿಂತ ಹೆಚ್ಚು ಹೊರುತ್ತಿದ್ದಳು. ಈಗಿಲ್ಲ. ಆ ಹಳೆಯ ಕಣಿವೆಗೆ ಇನ್ನು ಹೋಗಲಾರೆ."

ನನಗೆ ಮತ್ತೆ ವಿವರಣೆ ಬೇಕಾಗಲಿಲ್ಲ. ನಾನೂ ನನ್ನ ಗಂಡನೂ ಭಾನುವಾರ ಬಂಗಾರಪೇಟೆಗೆ ರೈಲಿನಲ್ಲಿ ಹೋಗುತ್ತಿದ್ದೆವು. ಅವರು ಹೋದ ಮೇಲೆ ನಾನು ಆ ರೈಲು ಹತ್ತಿಲ್ಲ. ಬಸ್ಸಿನಲ್ಲಿ ನಿಂತುಕೊಂಡು ಹೋಗುತ್ತೇನೆ. ಯಾರಾದರೂ ಕೇಳಿದರೆ ರೈಲಿನ ಟೈಮು ಸರಿಯಿಲ್ಲ ಎನ್ನುತ್ತೇನೆ.

ಒಬ್ಬರಿಗೆ ಅಷ್ಟು ಮಾಂಸ ಯಾಕೆ ಎಂದು ಕೇಳಿದ್ದಕ್ಕೆ ಆತ, "ಒಂದು ಮೂಸ್ ಇದ್ದರೆ ಚಳಿಗಾಲ ದಾಟುತ್ತದೆ. ನನಗೆ ಬೇರೆ ತರದ ಚಳಿಗಾಲ ಗೊತ್ತಿಲ್ಲ" ಎಂದು ಬರೆದ. ಹೋಗಬೇಡಿ ಎನ್ನಲು ನಾನು ಯಾರು? ಹೋಗುವುದು ಖಂಡಿತ. ಹಾಗಿದ್ದರೆ ಎಲ್ಲಿಯತನಕ ಹೋಗಬಹುದು ಎಂದಾದರೂ ಹೇಳಬೇಕು. ಕೆರೆಯ ಸುತ್ತ ಒಂದು ಗೆರೆ ಎಳೆಯೋಣ, ಗೆರೆಯ ಒಳಗೆ ಬಿದ್ದರೆ ಒಬ್ಬ ಮನುಷ್ಯ ಹೊರಬಲ್ಲ, ಆಚೆ ಬಿದ್ದರೆ ಹೊರಲಾರ ಎಂದು ತೀರ್ಮಾನಿಸಿದೆ. ಆದರೆ ಗೆರೆ ಎಲ್ಲಿ? ಪುಸ್ತಕದ ಮಾತು ಒಬ್ಬೊಬ್ಬರದು ಒಂದೊಂದು. ಜೌಗಿನಲ್ಲಿ ಭಾರ ಹೊತ್ತು ನಡೆಯುವುದು ಎಂದರೇನು ಎಂದು ನನ್ನ ಕಾಲಿಗೆ ಗೊತ್ತಿರಲಿಲ್ಲ. ಡ್ರಾಯಿಂಗ್ ವಿಭಾಗದಲ್ಲಿ ಇದ್ದಾಗಲೂ ನನಗೆ ಇದೇ ರೋಗ. ತಯಾರಾದ ಭಾಗವನ್ನು ಒಮ್ಮೆ ಕೈಯಲ್ಲಿ ಎತ್ತಿ ನೋಡದೆ ನಕ್ಷೆಗೆ ಸಹಿ ಹಾಕುತ್ತಿರಲಿಲ್ಲ.

ಹಾಗಾಗಿ ಒಂದು ಭಾನುವಾರ ತಮ್ಮನ ಊರಿಗೆ ಹೋದೆ. ಬೆಂಗಳೂರಿನಿಂದ ಶುದ್ಧ ಮಾಡಿದ ನೀರು ಪೈಪಿನಲ್ಲಿ ಕೆರೆಗೆ ಬರಲು ಶುರುವಾದ ಮೇಲೆ ಅವರ ಕೆರೆಯ ಅಂಗಳ ಬೇಸಿಗೆಯಲ್ಲೂ ಕೆಸರು. ಕೊಟ್ಟಿಗೆಯಲ್ಲಿದ್ದ ಬೂಸಾ ಚೀಲ ಅರ್ಧ ಖಾಲಿ ಮಾಡಿ, ಹಗ್ಗದಿಂದ ಬೆನ್ನಿಗೆ ಕಟ್ಟಿಸಿಕೊಂಡೆ. ತಮ್ಮನ ಹೆಂಡತಿ ನಗಬೇಕೋ ಅಳಬೇಕೋ ತಿಳಿಯದೆ ಗಂಟು ಹಾಕಿಕೊಟ್ಟಳು. ಸೀರೆ ಎತ್ತಿ ಕಟ್ಟಿ ಕೆರೆಗೆ ಇಳಿದೆ. ತಮ್ಮ ಹಾಲಿನ ಕ್ಯಾನು ಅಲ್ಲೇ ಬಿಟ್ಟು ಓಡಿ ಬಂದ.

"ಏನಕ್ಕಾ ಇದು? ಬೂಸಾ ಮೂಟೆ ಒತ್ಕಂಡು ಕೆರೆಗ್ಯಾಕೆ ಇಳೀತಿದ್ದೀಯ? ನೋಡ್ದೋರು ಏನಂದ್ಕತ್ತಾರೆ?"

"ಏನಾರ ಅಂದ್ಕಳ್ಳಿ. ನೀನು ದಡದಾಗೆ ನಿಂತ್ಕಂಡು ನೋಡ್ಲಾ."

"ಆ ದಡಕ್ಕೆ ಓಗ್ಬೇಕಾ ಮೂಟೆ? ಕೊಡು ಇತ್ಲಾಗೆ, ನಾನ್ ಒತ್ಕಂಡ್ ಓಗಿ ಇಟ್ಟು ಬತ್ತೀನಿ."

"ಮುಟ್ಬೇಡ ಅಂದ್ರೆ ಮುಟ್ಬೇಡ. ಒಬ್ರೇ ಒರ್ಬೇಕು. ಅದೇ ಲೆಕ್ಕ ನಂದು."

"ಒಬ್ರೇ ಯಾಕಕ್ಕಾ ಒರ್ಬೇಕು? ನಾವೆಲ್ಲ ಸತ್ತೋಗಿದ್ದೀವಾ?"

ಆ ಮಾತು ನನಗೆ ನಾಟಿತು. ನಿಂತರೆ ಅತ್ತುಬಿಡುತ್ತೇನೆ ಎಂದು ತಿರುಗದೆ ನಡೆದೆ. ಮೊದಲ ಮಾರು ಸಲೀಸು. ಆಮೇಲೆ ಒಂದು ಕಾಲು ಕೀಳುವಷ್ಟರಲ್ಲಿ ಇನ್ನೊಂದು ಹೂತುಕೊಳ್ಳುತ್ತದೆ. ಚೀಲ ಕತ್ತಿಗೆ ಜಗ್ಗುತ್ತದೆ. ಅರ್ಧ ದಾರಿಗೆ ಉಸಿರು ಸಿಕ್ಕಿಕೊಂಡಿತು. ಇಳಿಸಿ ಸುಧಾರಿಸಿಕೊಳ್ಳೋಣ ಎಂದರೆ ಇಳಿಸಿದ್ದನ್ನು ಮತ್ತೆ ಬೆನ್ನಿಗೆ ಏರಿಸುವವರು ಯಾರು? ಒಬ್ಬರೇ ಹೊರುವವರಿಗೆ ಇಳಿಸುವ ಸುಖವೂ ಇಲ್ಲ ಎಂದು ಆಗ ಗೊತ್ತಾಯಿತು. ಆಚೆ ದಡ ಮುಟ್ಟಿ, ಹಾಗೇ ತಿರುಗಿ ಬಂದೆ, ಇನ್ನೊಂದು ಸಲ ಹೊರಟೆ. ಎರಡನೆಯ ಸಲ ಬರುವಾಗ ಬಲಗಾಲು ಮಡಚಿಕೊಂಡು ಬಿದ್ದೆ. ತಮ್ಮ ನೀರಿಗಿಳಿದು ಓಡಿಬಂದ. ಏನೂ ಆಗಿಲ್ಲ ಎಂದು ಎದ್ದು ನಿಂತೆ. ಆಗಿತ್ತು. ಅವರ ಮುಂದೆ ಕುಂಟದೆ ನಡೆದು, ಊಟ ಮಾಡಿ, ಬಸ್ಸು ಹತ್ತಿ, ಮಹಡಿ ಮೆಟ್ಟಿಲಿನ ಮೇಲೆ ಕೂತು ಕಾಲು ನೋಡಿಕೊಂಡೆ. ಹಿಮ್ಮಡಿಯ ಮೇಲೆ ನೀಲಿಗಟ್ಟಿ ಊದಿತ್ತು.

ಮಾರನೆಯ ದಿನ ಗೆರೆ ಎಳೆದೆ. ಕೆಂಪು ಗೆರೆ, ಕೆರೆಯ ದಂಡೆಯಿಂದ ಅರ್ಧ ಮೈಲಿಯೂ ಇಲ್ಲ. ಏರು ಗೆರೆಯ ಆಚೆ ಉಳಿಯಿತು. ನಾನೇ ಹೊಗಳಿ ತೋರಿಸಿದ್ದ ಜೌಗೂ ಆಚೆಯೇ ಉಳಿಯಿತು. ಒಳಗೆ ಉಳಿದದ್ದು ಕೆರೆಯ ಬಾಲದ ಕಡೆಯ ಒಂದಿಷ್ಟು ಪೊದೆ. ಅಲ್ಲಿ ಮೂಸ್ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಗೆರೆ ದಾಟಿ ಹೊಡೆಯಬೇಡಿ ಎಂದು ಕೆಳಗೆ ಬರೆದೆ.

ಬೆಂಗಳೂರಿನ ನನ್ನ ಮೇಲಿನವನಿಗೆ ಇದು ಹಿಡಿಸಲಿಲ್ಲ. ಫೋನ್ ಮಾಡಿ, "ಮೇಡಂ, ಎಲ್ಲಿ ಸಿಗುತ್ತೆ ಅಂತ ತೋರಿಸೋದು ನಮ್ಮ ಕೆಲಸ. ಎಲ್ಲಿ ಹೊಡೀಬೇಡಿ ಅನ್ನೋದು ನಮಗ್ಯಾಕೆ? ಕ್ಲೈಂಟ್ ದೊಡ್ಡೋರು, ಅವರಿಗೆ ಗೊತ್ತಿರುತ್ತೆ" ಎಂದ. ಆ ಗೆರೆ ತೆಗೆದರೆ ನನ್ನನ್ನೂ ತೆಗೆಯಿರಿ ಎಂದೆ. ಈ ಕೆಲಸಕ್ಕೆ ಇಷ್ಟು ಕಡಿಮೆಗೆ ಬರುವವರು ಬೇರೆ ಸಿಗುವುದಿಲ್ಲವೆಂದು ಅವನಿಗೂ ಗೊತ್ತು, ನನಗೂ ಗೊತ್ತು. ಗೆರೆ ಉಳಿಯಿತು.

ಆತನಿಗೂ ಹಿಡಿಸಲಿಲ್ಲ. "ಮೂಸ್ ಇರುವುದು ಏರಿನ ಆಚೆ ಎಂದು ನೀವೇ ಹೇಳಿದಿರಿ."

"ಇರುವುದು ಅಲ್ಲೇ. ಹೊರುವವರು ಯಾರು?" ಎಂದು ಬರೆದೆ. ಮರ್ಯಾದೆಯ ಇಂಗ್ಲಿಷ್ ಆಗ ನೆನಪಿಗೆ ಬರಲಿಲ್ಲ.

ಮತ್ತೆ ಆತ ಉತ್ತರಿಸಲಿಲ್ಲ. ಒಂದು ವಾರ ಕಳೆಯಿತು, ಎರಡು ಕಳೆಯಿತು. ಬೇರೆ ಕೆಲಸಗಳು ಬಂದವು, ಮಾಡಿದೆ. ಬೆಳಿಗ್ಗೆ ಮೊದಲು ತೆರೆಯುವುದು ಮಾತ್ರ ಕಂಪ್ಯೂಟರಿನಲ್ಲಿ ಆತನ ಸಂದೇಶ ಬರುವ ಕಿಟಕಿಯನ್ನೇ. ನನ್ನ ಬಾಯಿಯಿಂದ ಇನ್ನೊಬ್ಬರನ್ನು ಕಳೆದುಕೊಂಡೆ ಎಂದುಕೊಂಡೆ. ದಿನಕ್ಕೊಂದು ಸಾಲು ಬರೆಯುವ, ಮುಖ ಕಾಣದ ಮನುಷ್ಯನನ್ನು ಕಳೆದುಕೊಳ್ಳುವುದು ಎಂದರೇನು ಎಂದು ನನ್ನನ್ನೇ ಬೈದುಕೊಂಡೆ. ಬೈದುಕೊಂಡರೂ ಆ ಮೌನ ಕಷ್ಟವಾಗುತ್ತಿತ್ತು. ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ನನಗೆ ಮಾತಾಡಲು ಒಬ್ಬರಿದ್ದರು, ಈಗ ಇರಲಿಲ್ಲ.

ಮೂರನೆಯ ವಾರ ಒಂದು ಸಾಲು ಬಂತು. "ಆ ಗೆರೆಯನ್ನು ಯಾವ ಲೆಕ್ಕದಲ್ಲಿ ಎಳೆದಿರಿ?"

ಸುಳ್ಳು ಹೇಳಬಹುದಿತ್ತು. ಇಳಿಜಾರು, ಮಣ್ಣು, ಶೇಕಡಾ ಎಂದು ನಾಲ್ಕು ದೊಡ್ಡ ಪದ ಪೋಣಿಸಿದ್ದರೆ ಮುಗಿಯುತ್ತಿತ್ತು. ನಾನು ಕೆರೆಯ ಕಥೆ ಬರೆದೆ. ಹಸುಗಳಿಗೆ ಹಾಕುವ ಬೂಸಾ ಚೀಲ, ಕೆಸರು, ಎರಡನೆಯ ಸಲ ಕಾಲು ಮಡಚಿಕೊಂಡು ಬಿದ್ದದ್ದು, ಎಲ್ಲ. ಇಳಿಸಿದರೆ ಮತ್ತೆ ಏರಿಸುವವರು ಇರಲಿಲ್ಲ ಎಂದೂ ಬರೆದೆ.

"ನೀವೇ ಹೊತ್ತಿರಾ?"

"ಹೌದು."

"ಕಾಲು ಈಗ ಹೇಗಿದೆ?"

ಆ ಕಾಲಿನ ವಿಷಯ ನಾನು ತಮ್ಮನಿಗೆ ಹೇಳಿರಲಿಲ್ಲ, ಓನರಮ್ಮನಿಗೆ ಹೇಳಿರಲಿಲ್ಲ. ಅರಿಸಿನ ಸುಣ್ಣ ಹಚ್ಚಿಕೊಂಡು ಗೋಡೆ ಹಿಡಿದು ಓಡಾಡಿದ್ದೆ. ಊತ ಇಳಿದಿದೆ ಎಂದು ಬರೆದೆ. ಬರೆದು ಮುಗಿಸುವಷ್ಟರಲ್ಲಿ ಕಣ್ಣು ತುಂಬಿ ಅಕ್ಷರ ಮಂಜಾಯಿತು. ನನ್ನ ಮೇಲೆ ನನಗೇ ಸಿಟ್ಟು ಬಂದು ಮುಖ ತೊಳೆದುಕೊಂಡು ಬಂದೆ.

ಆಮೇಲೆ ಜುಲೈ, ಆಗಸ್ಟ್ ಎಲ್ಲ ನಾವು ಪ್ಲಾನು ತಿದ್ದಿದೆವು. ಗೆರೆಯ ಬಗ್ಗೆ ಆತ ಒಪ್ಪಿದೆ ಎಂದೂ ಹೇಳಲಿಲ್ಲ, ಒಪ್ಪುವುದಿಲ್ಲ ಎಂದೂ ಹೇಳಲಿಲ್ಲ. ಡೇರೆ ಎಲ್ಲಿ, ಆಹಾರವನ್ನು ಡೇರೆಯಿಂದ ಎಷ್ಟು ದೂರ ಮರಕ್ಕೆ ಕಟ್ಟಬೇಕು, ಮಂಜು ಮುಸುಕಿದರೆ ವಿಮಾನ ತಡವಾಗಬಹುದು, ಹಾಗಾಗಿ ಹೆಚ್ಚಿನ ಊಟ ಒಯ್ಯಬೇಕು ಎಂದೆಲ್ಲ ಮಾತಾಡಿದೆವು. ಹೊರಡುವ ಹಿಂದಿನ ದಿನ ಆತ, "ಅಲ್ಲಿ ಸಿಗ್ನಲ್ ಇಲ್ಲ. ವಾಪಸು ಬಂದರೆ ಬರೆಯುತ್ತೇನೆ" ಎಂದು ಕಳುಹಿಸಿದ. ಬಂದ ಮೇಲೆ ಎಂದು ಬರೆದಿರಲಿಲ್ಲ, ಬಂದರೆ ಎಂದು ಬರೆದಿದ್ದ. ಇಂಗ್ಲಿಷಿನಲ್ಲಿ ಹಾಗೇ ಬರೆಯುತ್ತಾರೇನೋ ಎಂದು ಸಮಾಧಾನ ಮಾಡಿಕೊಳ್ಳಲು ನೋಡಿದೆ.

ಆ ದಿನಗಳು ಹೇಗೆ ಹೋದವು ಎಂದು ಹೇಳುವುದು ಕಷ್ಟ. ಬೆಳಿಗ್ಗೆ ಎದ್ದು ಮೊದಲು ಆ ಕೆರೆಯ ಹವಾಮಾನ ನೋಡುವುದು. ಗಾಳಿ ಯಾವ ಕಡೆ? ಇವತ್ತು ಪಡುವಣದ್ದು, ಹಾಗಾದರೆ ಆತ ಬಾಲದ ಕಡೆಯ ಬಂಡೆಯ ಹತ್ತಿರ ಕೂತಿರಬೇಕು. ನಾಲ್ಕನೆಯ ದಿನ ಅಲ್ಲಿ ಹಿಮ ಬಿತ್ತು. ಇಷ್ಟು ಬೇಗ ಬೀಳಬಾರದಿತ್ತು. ಇಲ್ಲಿ ರಾಬರ್ಟ್‌ಸನ್‌ಪೇಟೆಯಲ್ಲಿ ಸಣ್ಣ ಮಳೆ, ಮಾರ್ಕೆಟ್ಟಿನಲ್ಲಿ ಟೊಮೆಟೊ ಬುಟ್ಟಿಗಳ ಮೇಲೆ ಪ್ಲಾಸ್ಟಿಕ್ ಹೊದಿಸಿದ್ದರು. ನಾನು ಸೊಪ್ಪು ಕೊಳ್ಳಲು ಹೋಗಿ ಬರಿಗೈಲಿ ಬಂದೆ. ಮೆಟ್ಟಿಲ ಹತ್ತಿರ ಓನರಮ್ಮ ತಡೆದರು.

"ಏನಮ್ಮಾ, ಮುಖಾನೇ ಸರಿ ಇಲ್ಲ? ಯಾರ್ಕಾದ್ರೂ ಉಡಂಬು ಸರಿ ಇಲ್ಲಯಾ, ಹುಷಾರಿಲ್ವಾ?"

"ಇಲ್ಲಮ್ಮ. ನಮ್ಮೋರೊಬ್ಬರು ಬೇಟೆಗೆ ಹೋಗಿದ್ದಾರೆ. ಇನ್ನೂ ಬಂದಿಲ್ಲ."

"ಬೇಟೆಯಾ? ಇಂದ ಕಾಲತ್ತಿಲಯಾ?" ಎಂದು, ಈ ಕಾಲದಲ್ಲೂ ಬೇಟೆಯೇ ಎನ್ನುವಂತೆ, ಅವರು ಬಾಯಿ ಮೇಲೆ ಕೈ ಇಟ್ಟುಕೊಂಡರು. ಆಮೇಲೆ ನನ್ನ ಮುಖ ನೋಡಿ, "ಬಂದ್ಬಿಡ್ತಾರೆ ಬಿಡಮ್ಮಾ" ಎಂದರು. ನಮ್ಮೋರು ಎಂದು ಯಾಕೆ ಹೇಳಿದೆ ಎಂದು ಮೇಲೆ ಹೋದ ಮೇಲೆ ಯೋಚಿಸಿದೆ.

ವಿಮಾನ ಬರಬೇಕಾದ ದಿನ ಮಂಜು. ಮರುದಿನವೂ ಮಂಜು. ಅದರ ಮರುದಿನ ತಿಳಿಯಾಯಿತು, ಆದರೂ ಸುದ್ದಿಯಿಲ್ಲ. ಆತ ಏರಿನ ಆಚೆ ಹೋಗಿದ್ದಾನೆ, ಆ ಜೌಗಿನಲ್ಲಿ ಎಲ್ಲೋ ಕಾಲು ಮಡಚಿಕೊಂಡು ಬಿದ್ದಿದ್ದಾನೆ, ಆ ಜೌಗನ್ನು ಮೊದಲು ತೋರಿಸಿದವಳು ನಾನೇ ಎಂದು ನನಗೆ ಖಾತ್ರಿಯೇ ಆಗಿಬಿಟ್ಟಿತ್ತು. ಕಂಪನಿಗೆ ಫೋನ್ ಮಾಡಿ ಯಾರನ್ನಾದರೂ ವಿಚಾರಿಸಿ ಎಂದು ಜಗಳ ಮಾಡಿದೆ. ಎರಡು ದಿನ ನೋಡೋಣ ಮೇಡಂ ಎಂದರು.

ಮಾರನೆಯ ಬೆಳಿಗ್ಗೆ ಆತನ ಕಿಟಕಿಯಲ್ಲಿ ಇದ್ದದ್ದು ಒಂದು ಸಾಲಲ್ಲ. ಆತ ಅಷ್ಟು ಉದ್ದ ಬರೆದದ್ದು ಅದೊಂದೇ ಸಲ.

ಮನೆಗೆ ಬಂದಿದ್ದೇನೆ ಎಂದು ಮೊದಲು ಬರೆದಿದ್ದ. ಗೆರೆಯ ಒಳಗೆ ಏನೂ ಬರಲಿಲ್ಲವಂತೆ. ಹಿಮ ಬಿದ್ದ ಮಾರನೆಯ ಬೆಳಿಗ್ಗೆ ಏರಿನ ಮೇಲೆ ಹತ್ತಿ ನೋಡಿದರೆ ಕೆಳಗಿನ ಜೌಗಿನಲ್ಲಿ ಗಂಡು ಮೂಸ್ ನಿಂತಿತ್ತು. ಮೂವತ್ತು ವರ್ಷದಲ್ಲಿ ಅಂಥದ್ದನ್ನು ಕಂಡಿರಲಿಲ್ಲ. ಮಾರನೆಯ ದಿನವೂ ಬಂತು. ಬಂದೂಕಿನ ದುರ್ಬೀನಿನಲ್ಲಿ ಅದರ ಭುಜ ತುಂಬಿಕೊಂಡಿತ್ತು, ಬೆರಳು ಟ್ರಿಗರಿನ ಮೇಲಿತ್ತು. "ಆಗ ನಿಮ್ಮ ಚೀಲದ ನೆನಪಾಯಿತು. ಇಳಿಸಿದರೆ ಏರಿಸುವವರು ಇಲ್ಲ ಎಂದಿರಲ್ಲ. ಬಂದೂಕು ಕೆಳಗಿಟ್ಟೆ. ಅದು ಬಹಳ ಹೊತ್ತು ಮೇಯುತ್ತಲೇ ಇತ್ತು. ನೋಡುತ್ತ ಕೂತಿದ್ದೆ."

ನಾನು ಕುರ್ಚಿಯಿಂದ ಎದ್ದು ಮನೆಯೊಳಗೆ ಒಂದು ಸುತ್ತು ಬಂದೆ. ಸಂತೋಷವೋ ಸಂಕಟವೋ ಬೇರೆ ಮಾಡಲಾಗಲಿಲ್ಲ. ಜೀವ ಉಳಿದಿದೆ, ಚಳಿಗಾಲದ ಊಟ ಹೋಗಿದೆ, ಎರಡೂ ನನ್ನ ಗೆರೆಯಿಂದ. ಒಬ್ಬರು ನನ್ನ ಮಾತು ಕೇಳಿದ್ದರು. ವಾಪಸು ಬಂದು ಕೂತು ಕೊನೆಯ ಭಾಗ ಓದಿದೆ.

"ಮನೆಯಲ್ಲಿ ಮಾಂಸವಿಲ್ಲ. ಅಂಗಡಿಯಲ್ಲಿ ಕೊಂಡು ಅಭ್ಯಾಸವಿಲ್ಲ. ನಿನ್ನೆ ಒಳಗೆ ಹೋಗಿ, ಏನು ಕೇಳಬೇಕೆಂದು ತಿಳಿಯದೆ ಹೊರಗೆ ಬಂದೆ. ಒಬ್ಬರಿಗೆ ಎಷ್ಟು ಕೊಳ್ಳುತ್ತಾರೆ? ನಿಮಗೆ ಗೊತ್ತಿರಬಹುದು ಅನಿಸಿತು."

ಗಂಡ ಇಲ್ಲವೆಂದು, ಮನೆಯಲ್ಲಿ ನಾನೊಬ್ಬಳೇ ಎಂದು ಆತನಿಗೆ ನಾನು ಒಂದು ಸಲವೂ ಹೇಳಿರಲಿಲ್ಲ.

ಕಂಪನಿಯವರು ಕೆಲಸ ಮುಗಿದ ದಿನವೇ ಕಿಟಕಿ ಮುಚ್ಚಿಬಿಡುತ್ತಾರೆ, ಹೆಚ್ಚು ಹೊತ್ತಿರಲಿಲ್ಲ. ತಪ್ಪು ಇಂಗ್ಲಿಷಿನಲ್ಲೇ ಬೇಗ ಬೇಗ ಬರೆದೆ. ಕಾಲು ಕಿಲೋ ತೆಗೆದುಕೊಳ್ಳಿ, ಎರಡು ಹೊತ್ತಿಗೆ ಬರುತ್ತದೆ. ಅರ್ಧ ಕೊಂಡರೆ ಮೂರನೆಯ ದಿನ ಅದನ್ನು ನೋಡಲು ಮನಸ್ಸಾಗುವುದಿಲ್ಲ. ಭಾನುವಾರ ಹೋಗಬೇಡಿ, ಸಾಲಿನಲ್ಲಿ ಎಲ್ಲರೂ ಮನೆ ತುಂಬ ಜನರಿಗೆ ಕೊಳ್ಳುತ್ತಿರುತ್ತಾರೆ. ಮಂಗಳವಾರ ಹೋಗಿ. ಅಷ್ಟೇನಾ ಎಂದು ಅಂಗಡಿಯವನು ಕೇಳುತ್ತಾನೆ. ಅಷ್ಟೇ ಎನ್ನಿ, ತಲೆ ತಗ್ಗಿಸಬೇಡಿ. ಮೊದಲನೆಯ ಸಲ ಕಷ್ಟ. ಆಮೇಲೆ ಅವನೇ ನಿಮ್ಮನ್ನು ಕಂಡು ಕೇಳದೆ ತೂಗಿ ಇಡುತ್ತಾನೆ, ಅದು ಇನ್ನೂ ಕಷ್ಟ.

ಕೊನೆಯ ಸಾಲು ಅಳಿಸೋಣ ಎಂದುಕೊಂಡೆ. ಅಳಿಸದೆ ಕಳುಹಿಸಿದೆ.